ಬೀಗರು ನೋಡಿದ ನಾಟಕ

ಆ ಸೋಮವಾರ ಬೆಳಿಗ್ಗೆ ಮಂಗಳಾ ಗಂಡನಿಗೆ ಊಟದ ಡಬ್ಬಿ ಕಟ್ಟಲಿಲ್ಲ. ಮುದ್ದೆ ಮಾಡಿದ್ದಳು, ಬಸ್ಸಾರು ಕುದಿಸಿದ್ದಳು, ಅತ್ತೆಗೂ ಮಗಳಿಗೂ ಬಡಿಸಿದ್ದಳು. ಡಬ್ಬಿ ಮಾತ್ರ ತೊಳೆದಿಟ್ಟ ಜಾಗದಲ್ಲೇ ಬೋರಲಾಗಿ ಕೂತಿತ್ತು.

ಓಬಳರಾಜು ಖಾಕಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಅಡುಗೆಮನೆಗೆ ಇಣುಕಿ, "ಡಬ್ಬಿ ಎಲ್ಲಿ?" ಎಂದ.

"ನಿನ್ನೆ ಅಷ್ಟೊಂದು ಜನ ಚಪ್ಪಾಳೆ ತಟ್ಟಿದ್ರಲ್ಲ, ಅವ್ರೇ ಇಕ್ತಾರೆ ಊಟಾನ. ಹೋಗಿ," ಎಂದಳು ಮಂಗಳಾ, ಒಲೆಯಿಂದ ಮುಖ ತಿರುಗಿಸದೆ.

ಬಾಗಿಲ ಪಕ್ಕ ಕಾಲು ಚಾಚಿ ಕೂತಿದ್ದ ಓಬಳರಾಜುವಿನ ತಾಯಿ ಹೊನ್ನಕ್ಕ, "ಜಗಳ ಬಾಯಲ್ಲಿ ಆಡ್ಕಳ್ರವ್ವ, ಹೊಟ್ಟೆ ಮೇಲೆ ಯಾಕೆ ತೀರಿಸ್ಕತೀರ," ಎಂದು ಗೋಡೆ ಹಿಡಿದು ಏಳಲು ಹೊರಟಳು. ಮೊಮ್ಮಗಳು ಗಂಗಲಕ್ಷ್ಮಿ ಅಜ್ಜಿಯನ್ನು ಕೂರಿಸಿ, ತಾನೇ ಡಬ್ಬಿ ತುಂಬಿ ಅಪ್ಪನ ಕೈಗೆ ಕೊಟ್ಟಳು. ಮಂಗಳಾ ನೋಡಿದರೂ ನೋಡದಂತೆ ಸಾರಿಗೆ ಇನ್ನೊಂದು ಒಗ್ಗರಣೆ ಹಾಕಿದಳು.

ಓಬಳರಾಜು ಮಧುಗಿರಿ–ಪಾವಗಡ ಬಸ್ಸಿನ ಕಂಡಕ್ಟರ್. ಆದರೆ ಸುತ್ತಿನ ನಾಲ್ಕು ತಾಲೂಕಿನಲ್ಲಿ ಜನ ಅವನನ್ನು ಗುರುತಿಸುತ್ತಿದ್ದದ್ದು 'ಗದೆ ಓಬಳರಾಜು' ಎಂದು. ಪೌರಾಣಿಕ ನಾಟಕಗಳಲ್ಲಿ ಕಿರೀಟ ತೊಟ್ಟು, ಗದೆ ಹೆಗಲಿಗಿಟ್ಟು ಅವನು ರಂಗಕ್ಕೆ ಬಂದರೆ ಹಿಂದಿನ ಸಾಲಿನಲ್ಲಿ ಕಡ್ಲೆಕಾಯಿ ಸುಲಿಯುತ್ತಿದ್ದವರೂ ಕೈ ನಿಲ್ಲಿಸುತ್ತಿದ್ದರು. ಎದುರು ಪಕ್ಷದ ಗದೆ ಯಾವಾಗಲೂ ಕೊಡಿಗೇನಹಳ್ಳಿಯ ಬೊಮ್ಮಪ್ಪನದು. ಹೊಲ ಉಳುವ ಮನುಷ್ಯ, ಎಮ್ಮೆಯಂಥ ಭುಜ. ಇಬ್ಬರೂ ಇಪ್ಪತ್ತು ವರ್ಷದಿಂದ ರಂಗದ ಮೇಲೆ ಬಡಿದಾಡಿ, ಕೆಳಗಿಳಿದು ಒಂದೇ ಬೀಡಿಕಟ್ಟಿನಲ್ಲಿ ಬೀಡಿ ಸೇದಿದವರು.

ಇಬ್ಬರನ್ನೂ ಹೊಸ ನಾಟಕಕ್ಕೆ ಎಳೆದವಳು ಸಿರಾದ ಅಂಬ್ರೀನ್. ಕಾಲೇಜಿನಲ್ಲಿ ಪಾಠ ಹೇಳುತ್ತಾ, ರಜೆಯಲ್ಲಿ ನಾಟಕ ಆಡಿಸುವ ಹೆಣ್ಣುಮಗಳು. ಮಿಡಿಗೇಶಿಯ ಮೇಷ್ಟ್ರೊಬ್ಬರು ಬಹಳ ಹಿಂದೆ 'ಇಬ್ಬರ ಹೊಲ' ಎಂಬ ನಾಟಕ ಬರೆದಿದ್ದರು. ಒಂದೇ ಹೊಲವನ್ನು ಪಾಲಿಗೆ ಮಾಡುವ ಈರಣ್ಣ, ಕರಿಯಪ್ಪ ಎಂಬ ಇಬ್ಬರು ಗಂಡಸರು ಒಬ್ಬರನ್ನೊಬ್ಬರು ಪ್ರೀತಿಸುವ ಕಥೆ. ಈರಣ್ಣನಿಗೆ ಮನೆಯವರು ಹೆಣ್ಣು ಗೊತ್ತು ಮಾಡುತ್ತಾರೆ. ಅವನು ಹಸೆಮಣೆಯಿಂದ ಎದ್ದು ನಿಜ ಹೇಳುತ್ತಾನೆ. ಆ ಕಾಲಕ್ಕೆ ಒಂದೇ ಒಂದು ಪ್ರಯೋಗ ಆಗಿ, ಅದೂ ನಡುವೆ ಕಲ್ಲು ಬಿದ್ದು ಪರದೆ ಎಳೆದಿದ್ದರು. ಮೇಷ್ಟ್ರು ತೀರಿಕೊಂಡರು, ನಾಟಕ ಮೂಲೆ ಸೇರಿತು.

"ಹೊಸ ಹುಡುಗ್ರು ಮಾಡಿದ್ರೆ ಜನ ನಗ್ತಾರೆ ಅಣ್ಣಾ. ನೀವಿಬ್ರೂ ಮಾಡಿದ್ರೆ ಕೇಳ್ತಾರೆ," ಎಂದಿದ್ದಳು ಅಂಬ್ರೀನ್.

ಬೊಮ್ಮಪ್ಪ ಯೋಚಿಸಲೇ ಇಲ್ಲ. "ಇಪ್ಪತ್ತು ವರ್ಷದಿಂದ ಇವ್ನ ತೊಡೆ ಮುರೀತಾ ಇವ್ನಿ. ಒಂದ್ಸಲ ಕೈ ಹಿಡ್ಕಳಕ್ಕೇನು ಕಷ್ಟ?" ಎಂದ.

ಓಬಳರಾಜು ತಾರಸಿಯ ಮೇಲೆ ದಿನವೂ ಮಾತು ಕಂಠಪಾಠ ಮಾಡುತ್ತಿದ್ದ. ಕೆಳಗೆ ಹೊಲಿಗೆ ಯಂತ್ರ ತುಳಿಯುತ್ತಿದ್ದ ಮಂಗಳಾಗೆ ಕಥೆಯೆಲ್ಲ ಗೊತ್ತಿತ್ತು. ಆಗ ಅವಳು ತಕರಾರು ಮಾಡಿರಲಿಲ್ಲ. 'ಇಂಥದನ್ನ ಯಾರು ನೋಡ್ತಾರೆ, ನಾಕು ಜನ ಬಂದು ಆಕಳಿಸಿ ಹೋಗ್ತಾರೆ' ಎಂದುಕೊಂಡಿದ್ದಳು. ಆದರೆ ಭಾನುವಾರ ಸಂಜೆ ಮಧುಗಿರಿಯಲ್ಲಿ, ಬೆಟ್ಟದ ಕೆಳಗಿನ ಶಾಲೆ ಬಯಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಂಗಲಕ್ಷ್ಮಿ ತಾನು ಕೆಲಸ ಮಾಡುವ ಕ್ಲಿನಿಕ್ಕಿನ ಗೆಳತಿಯರೊಂದಿಗೆ ಹೋಗಿ ಹೆಂಗಸರ ಸಾಲಿನಲ್ಲಿ ಕೂತಿದ್ದಳು. ಐವತ್ತು ದಾಟಿದವರು ಮೀಸೆಗೆ ಕಪ್ಪು ಬಳಿದು ಹುಡುಗರ ಪಾತ್ರ ಮಾಡುವುದು ನಮ್ಮ ಕಡೆ ಹೊಸದಲ್ಲ, ಅದಕ್ಕೆ ಯಾರೂ ನಗಲಿಲ್ಲ. ಬಾವಿ ಕಟ್ಟೆಯ ಮೇಲೆ ಕರಿಯಪ್ಪ ಈರಣ್ಣನ ಕೈ ಹಿಡಿದಾಗ ಮಾತ್ರ ಶಿಳ್ಳೆ ಬಿತ್ತು, "ಗದೆ ಎಲ್ಲಿ ಬಿಟ್ರಪ್ಪೋ" ಎಂದು ಯಾರೋ ಕೂಗಿದರು. ಇಬ್ಬರೂ ಕೈ ಬಿಡಲಿಲ್ಲ. ಶಿಳ್ಳೆ ತಾನಾಗಿ ನಿಲ್ಲುವವರೆಗೂ ಕಾದು, ಮುಂದಿನ ಮಾತು ಆಡಿದರು. ಹಸೆಮಣೆಯಿಂದ ಎದ್ದ ಓಬಳರಾಜು, "ನನ್ ಬಾಳೊಂದೇ ಆಗಿದ್ರೆ ನುಂಗ್ಕತಿದ್ದೆ. ಈ ಹುಡುಗೀದೂ ನುಂಗಕ್ಕೆ ನಾನ್ಯಾರು?" ಎಂದಾಗ ಬಯಲು ಗಪ್ಪಾಯಿತು. ಮೊದಲ ಚಪ್ಪಾಳೆ ಬಂದದ್ದು ಹೆಂಗಸರ ಕಡೆಯಿಂದ.

ಆ ಚಪ್ಪಾಳೆಯೇ ಮಂಗಳಾಗೆ ತಲೆಬಿಸಿ. ಮಗಳ ನಿಶ್ಚಿತಾರ್ಥ ಆಗಿತ್ತು. ಗಂಡು ತಾವರೆಕೆರೆಯ ರೇಣುಕಯ್ಯನ ಮಗ ನರಸಿಂಹರಾಜು, ಸಿರಾದ ಟ್ರ್ಯಾಕ್ಟರ್ ಶೋರೂಮಿನಲ್ಲಿ ಕೆಲಸ. ಮಾಘದಲ್ಲಿ ಮದುವೆ. ಆ ಹೊತ್ತಿನಲ್ಲಿ ಹುಡುಗಿಯ ಅಪ್ಪ ಊರೂರು ತಿರುಗಿ ಮದುವೆ ಮುರಿಯುವ ಗಂಡಿನ ಪಾತ್ರ ಮಾಡುವುದೆಂದರೇನು?

ಬಸ್ಸಿನಲ್ಲಿ ಆ ವಾರವಿಡೀ ನಾಟಕದ್ದೇ ಮಾತು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಬೆಳಗಿನ ಸರ್ವೀಸಿನಲ್ಲಿ ಅವರೇ ಹೆಚ್ಚು. ಒಬ್ಬಳು, "ಕಂಡಕ್ಟರಣ್ಣ, ಆ ಹುಡುಗಿ ಪಾರ್ಟು ಮಾಡ್ದೋಳು ಅಳ್ತಾ ಇದ್ಲಲ್ಲ, ನಿಜವಾಗ್ಲೂ ಅತ್ಲಾ?" ಎಂದು ಕೇಳಿದಳು. ಮಿಡಿಗೇಶಿಯಲ್ಲಿ ಹತ್ತಿದ ಮುದುಕನೊಬ್ಬ ಚಿಲ್ಲರೆ ಕೊಡುತ್ತಾ, "ನಮ್ ಮೇಷ್ಟ್ರು ಬರ್ದಿದ್ದು. ಅವತ್ತು ಕಲ್ಲು ಬಿದ್ದಾಗ ನಾನೂ ಅಲ್ಲೇ ಇದ್ದೆ. ಚೆನ್ನಾಗಿ ಮಾಡ್ದೆ ಕಣಪ್ಪ," ಎಂದು ಹೋಗಿ ಕಿಟಕಿ ಪಕ್ಕ ಕೂತ. ಪರಿಚಯದ ಒಬ್ಬ ಅಂಗಡಿಯವನು ಮಾತ್ರ ಮುಖ ತಿರುಗಿಸಿ ಹಿಂದಿನ ಬಾಗಿಲಲ್ಲೇ ಇಳಿದ.

ಕೊನೆಯ ಸೀಟಿನ ಕಾಲೇಜು ಹುಡುಗನೊಬ್ಬ ಗೆಳೆಯರನ್ನು ನಗಿಸಲೆಂದು, "ಅಣ್ಣೋ, ಇನ್ಮೇಲೆ ಡಬಲ್ ಸೀಟಲ್ಲಿ ಇಬ್ರೂ ಗಂಡಸ್ರೇ ಕೂರ್ಬೇಕಾ?" ಎಂದು ಕೂಗಿದ.

ಓಬಳರಾಜು ರಂಗದ ಗಂಟಲು ತೆಗೆದ. "ಟಿಕೆಟ್ ತಗಂಡೋರು ಯಾರ್ ಪಕ್ಕ ಬೇಕಾದ್ರೂ ಕೂರ್ಬೋದು ಕಣಪ್ಪ. ನಿಂದೆಲ್ಲಿ ಟಿಕೆಟ್ಟು?"

ಹುಡುಗ ಜೇಬು ತಡಕಿದ. ಬಸ್ಸೆಲ್ಲ ನಕ್ಕಿತು.

ಮನೆಯಲ್ಲಿ ಮಂಗಳಾಗೂ ಜನ ಬರುತ್ತಿದ್ದರು, ರವಿಕೆ ಹೊಲಿಸಲು. ಮೂಲೆಮನೆಯ ಸರ್ವಮಂಗಳಾ ಬಂದು ಬಟ್ಟೆ ವಾಪಸ್ ಕೇಳಿದಳು. "ನಮ್ಮನೆಯೋರು ಬೇರೆ ಕಡೆ ಹೊಲಿಸ್ಕೋ ಅಂದ್ರು ಮಂಗಳಾ. ತಪ್ಪು ತಿಳೀಬೇಡ." ಮಂಗಳಾ ಕತ್ತರಿಸಿದ್ದ ತುಂಡುಗಳನ್ನೇ ಮಡಿಸಿ ಕೊಟ್ಟಳು. ಅದೇ ದಿನ ಮಧ್ಯಾಹ್ನ ತರಕಾರಿ ಮಾರುವ ಪಾಪಕ್ಕ ಬುಟ್ಟಿ ಇಳಿಸಿ, ನೀರು ಕುಡಿದು, "ಮುಂದ್ಲು ಆಟ ಯಾವೂರಲ್ಲಿ?" ಎಂದಳು.

"ಯಾಕೆ, ನಿಂಗೂ ಬೇಕಾ?" ಎಂದಳು ಮಂಗಳಾ ಬಿರುಸಾಗಿ.

"ನಮ್ಮಕ್ಕನ್ನ ಕರ್ಕಂಡು ಹೋಗ್ಬೇಕು. ಅವ್ಳ ಗಂಡ ಅಂಗೇ ಇದ್ದ ಕಣಮ್ಮ. ಒಂದಿನ ಹೊಡೀಲಿಲ್ಲ, ಒಂದಿನ ಹತ್ರಾನೂ ಬರ್ಲಿಲ್ಲ. ಇವ್ಳು ತನ್ನಲ್ಲೇ ಏನೋ ಕೊರೆ ಐತೆ ಅನ್ಕಂಡು ಕಂಡಕಂಡ ದೇವ್ರಿಗೆಲ್ಲ ಹರ್ಕೆ ಹೊತ್ಕಂಡು ಮುದುಕಿ ಆದ್ಲು. ನೋಡ್ಲಿ, ತಪ್ಪು ಅವ್ಳದಲ್ಲ ಅಂತ ಒಂದಿನಾನಾದ್ರೂ ತಿಳ್ಕಳ್ಳಿ."

ಮಂಗಳಾ ಅವರೆಕಾಯಿ ತೂಗಿಸಿಕೊಂಡಳು.

ಆ ಸಂಜೆ ನಾಲ್ವರೂ ನಡುಮನೆಯಲ್ಲಿ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದರು. ಸಿಪ್ಪೆ ಒಂದು ಕಡೆ, ಬೇಳೆ ಇನ್ನೊಂದು ಕಡೆ ಹಾರುತ್ತಿತ್ತು.

"ಕೊರಟಗೆರೆ ಆಟಕ್ಕೆ ಹೋಗ್ಲೇಬೇಕಾ?" ಎಂದಳು ಮಂಗಳಾ.

"ಒಪ್ಕಂಡಾಗೈತೆ."

"ಮಗಳ ಮದ್ವೇನೂ ಒಪ್ಕಂಡಾಗೈತೆ. ಬೀಗರ ಕಿವಿಗೆ ಬಿದ್ರೆ ಏನ್ ಹೇಳ್ತೀರ?"

"ನಾಟ್ಕ ಅಂತೀನಿ. ಗದೆ ಹಿಡ್ದಾಗ ನಾನೇನು ಜನಗಳ ತಲೆ ಒಡ್ಕಂಡು ತಿರುಗ್ದೆನಾ?"

"ಅದು ದೇವ್ರ ಕಥೆ. ಇದು ಮನೆಮನೆ ಕಥೆ."

ಹೊನ್ನಕ್ಕ ಬೇಳೆ ಬಟ್ಟಲಿಗೆ ಹಾಕುತ್ತಾ, "ಮನೆಮನೇಲೂ ಐತೆ ಅಂತ ನೀನೇ ಒಪ್ಕಂಡಂಗಾಯ್ತು," ಎಂದಳು. ಗಂಗಲಕ್ಷ್ಮಿಗೆ ನಗು ತಡೆಯಲಾಗಲಿಲ್ಲ. ಮಂಗಳಾ ಕಣ್ಣು ಬಿಟ್ಟಳು. ಆದರೂ ಅಂದಿನ ಹಿತಕಿದ ಬೇಳೆ ಸಾರನ್ನು ಗಂಡನಿಗೆ ತಾನೇ ಬಡಿಸಿದಳು.

ಕೊರಟಗೆರೆಯಲ್ಲಿ ಸಲೀಸಾಗಲಿಲ್ಲ. ಹಸೆಮಣೆಯ ದೃಶ್ಯಕ್ಕೆ ಮುಂಚೆಯೇ ಒಂದು ಗುಂಪು ಕುರ್ಚಿ ತಳ್ಳಿ ಎದ್ದಿತು. "ನಿಲ್ಸಿ ಇದನ್ನ, ಹೆಣ್ಮಕ್ಳು ಕೂತವ್ರೆ" ಎಂದು ಒಬ್ಬ ಕೂಗಿದ. ಬೊಮ್ಮಪ್ಪ ಪಾತ್ರದಿಂದ ಹೊರಗೆ ಬಂದು, ರಂಗದ ಅಂಚಿಗೆ ನಿಂತು ತಣ್ಣಗೆ ಹೇಳಿದ: "ಹೋಗೋರು ನಿಧಾನವಾಗಿ ಹೋಗಿ. ಹಿಂದೆ ನಿಂತಿರೋರು ಬಂದು ಕೂತ್ಕಳ್ಳಿ." ನಿಂತಿದ್ದವರು ಬಂದು ಕೂತರು. ಕೂಗಿದವನು ಬಾಗಿಲ ಹತ್ತಿರ ಹೋಗಿ, ಹೊರಗೆ ಹೋಗದೆ ಕಂಬಕ್ಕೊರಗಿ ಕೊನೆಯವರೆಗೂ ನೋಡಿದ.

ಸಿರಾದ ಆಟಕ್ಕೆ ಬೀಗರೇ ಬಂದರು. ಯಾರೂ ಕರೆದಿರಲಿಲ್ಲ. ಬೀಗರ ನಾಟಕವಂತೆ ಎಂದು ಯಾರೋ ಹೇಳಿದ್ದಕ್ಕೆ ರೇಣುಕಯ್ಯ ಗರಿಗರಿ ಪಂಚೆ ಉಟ್ಟು, ಹೆಂಡತಿ ರಾಮಾಂಜಿನಮ್ಮನನ್ನೂ ಮಗ ನರಸಿಂಹರಾಜುವನ್ನೂ ಕರೆದುಕೊಂಡು ಬಂದು ಮೊದಲ ಸಾಲಿನಲ್ಲಿ ಕೂತ. ತಾವರೆಕೆರೆಯಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಮನುಷ್ಯ, ನಾಲ್ಕು ಜನ ನಮಸ್ಕಾರ ಹೇಳುವವನು. ಅಂಬ್ರೀನಳ ತಂದೆ ರಹೀಮ್ ಅವರೇ ಎದ್ದು ಜಾಗ ಮಾಡಿಕೊಟ್ಟು, "ಬನ್ನಿ ಭಾಯ್, ಕೂತ್ಕೊಳ್ಳಿ," ಎಂದರು.

ಓಬಳರಾಜು ಹಸೆಮಣೆಯಿಂದ ಎದ್ದ. ಅದೇ ಹೊತ್ತಿಗೆ ರೇಣುಕಯ್ಯನೂ ಎದ್ದ. ಹೆಂಡತಿಯ ತೋಳು ಹಿಡಿದು ಸಾಲಿನ ನಡುವಿನಿಂದ ಹೊರಟ. ರಾಮಾಂಜಿನಮ್ಮ ಎರಡು ಸಲ ತಿರುಗಿ ನೋಡಿದಳು. ನರಸಿಂಹರಾಜು ಏಳಲಿಲ್ಲ. ಎರಡೂ ಪಕ್ಕ ಖಾಲಿ ಕುರ್ಚಿ, ನಡುವೆ ಅವನೊಬ್ಬ. ಪರದೆ ಬೀಳುವವರೆಗೂ ಕೂತೇ ಇದ್ದ.

ಮರುದಿನ ರೇಣುಕಯ್ಯ ಮಧುಗಿರಿಗೆ ಬಂದ. ಚಾಪೆ ಹಾಸಿದರೂ ಕೂರಲು ಹಿಂದೆಮುಂದೆ ನೋಡಿ, ಕೊನೆಗೆ ಕೂತ.

"ಬೀಗ್ರೆ, ಸುತ್ತಿ ಬಳಸಿ ಮಾತಾಡಕ್ಕೆ ನಂಗೆ ಬರಕ್ಕಿಲ್ಲ. ಪಾವಗಡದಲ್ಲೂ ಆಟ ಐತಂತೆ. ನೀವು ಅಲ್ಲಿ ಬಣ್ಣ ಹಚ್ಚಿದ್ರೆ ಈ ಸಂಬಂಧ ಮುಗೀತು ಅನ್ಕಳಿ. ನಾಳೆ ನಮ್ಮೂರೋರು ನನ್ ಮಗನ್ನ ಹಸೆಮಣೆ ಮೇಲೆ ನೋಡಿ ನಗ್ಬಾರ್ದು."

"ಬಿಡುಸ್ತೀನಿ ಅಣ್ಣಾ," ಎಂದಳು ಮಂಗಳಾ, ಗಂಡ ಬಾಯಿ ತೆರೆಯುವ ಮೊದಲೇ. "ಕಾಫಿ ಕುಡೀರಿ."

"ಗುರುವಾರ ಬತ್ತೀನಿ. ಖಚಿತವಾಗಿ ಒಂದು ಮಾತು ಹೇಳಿ," ಎಂದು ರೇಣುಕಯ್ಯ ಕಾಫಿ ಕುಡಿಯದೆ ಎದ್ದ.

ಅವನು ಹೋದ ಮೇಲೆ ಮನೆಯಲ್ಲಿ ದೊಡ್ಡ ಜಗಳವೇನೂ ಆಗಲಿಲ್ಲ. ಗಂಗಲಕ್ಷ್ಮಿ, "ಅಪ್ಪನ ನಾಟಕಕ್ಕೂ ನನ್ ಮದ್ವೆಗೂ ಯಾಕಮ್ಮ ಗಂಟು ಹಾಕ್ತೀರಿ," ಎಂದಳು. "ಹಾಕ್ದೋಳು ನಾನಲ್ಲ, ನಿನ್ ಮಾವ," ಎಂದಳು ತಾಯಿ. ಓಬಳರಾಜು, "ಮಗಳಿಗಿಂತ ಹೆಚ್ಚಿಂದಲ್ಲ ನಾಟ್ಕ. ಅಂಬ್ರೀನಮ್ಮಂಗೆ ಹೇಳ್ಬುಡ್ತೀನಿ," ಎಂದ. ಆ ರಾತ್ರಿ ಅವನು ತಾರಸಿಗೆ ಹೋಗಲಿಲ್ಲ. ಗೆದ್ದ ಮಂಗಳಾ ಎರಡು ಮುದ್ದೆ ಬಡಿಸಿದರೆ ಒಂದನ್ನೇ ತಿಂದ.

ಬುಧವಾರ ಮಧುಗಿರಿ ನಿಲ್ದಾಣದಲ್ಲಿ ನರಸಿಂಹರಾಜು ಬಸ್ಸು ಹತ್ತಿದ. ಪಾವಗಡಕ್ಕೆ ಟಿಕೆಟ್ ಕೇಳಿದ. ಶೋರೂಮಿನ ಕೆಲಸವಿರಬೇಕೆಂದು ಓಬಳರಾಜು ಹೆಚ್ಚು ಕೇಳಲಿಲ್ಲ. ಪಾವಗಡದಲ್ಲಿ ಜನರೆಲ್ಲ ಇಳಿದು, ಡ್ರೈವರ್ ಟೀಗೆ ಹೋದ ಮೇಲೂ ಹುಡುಗ ಸೀಟಿನಲ್ಲೇ ಕೂತಿದ್ದ.

"ಏನಪ್ಪ, ಇಳೀಲಿಲ್ಲ?"

"ನಿಮ್ ಹತ್ರಾನೇ ಮಾತಾಡ್ಬೇಕಿತ್ತು ಮಾವ."

ಓಬಳರಾಜು ಎದುರು ಸೀಟಿನಲ್ಲಿ ಕೂತ. ಅಪ್ಪನ ಪರವಾಗಿ ಕ್ಷಮೆ ಕೇಳಲು ಬಂದಿರಬೇಕು ಎಂದುಕೊಂಡ. ಹುಡುಗ ಕೈಯಲ್ಲಿದ್ದ ಟಿಕೆಟ್ಟನ್ನು ಮಡಿಸಿ ಮಡಿಸಿ ಸಣ್ಣದು ಮಾಡಿದ.

"ನಾನು ಆ ಈರಣ್ಣನ ಥರಾನೇ ಮಾವ. ನನ್ ಕೈಲಿ ಮಣೆ ಮೇಲೆ ಕೂರಕ್ಕಾಗಲ್ಲ."

ಓಬಳರಾಜುಗೆ ಮೊದಲು ಅರ್ಥವಾಗಲಿಲ್ಲ. ಆದಾಗ ಸೀಟಿನಿಂದ ಅರ್ಧ ಎದ್ದು ಮತ್ತೆ ಕೂತ. ರಂಗದ ಮೇಲೆ ಅವನು ಮೂರು ಊರಿನಲ್ಲಿ ಈರಣ್ಣನಾಗಿದ್ದ. ಇಲ್ಲಿ ಖಾಲಿ ಬಸ್ಸಿನಲ್ಲಿ ಹುಡುಗಿಯ ಅಪ್ಪನಾಗಿ ಕೂತಿದ್ದ. ನಾಟಕದಲ್ಲಿ ಹುಡುಗಿಯ ಅಪ್ಪನಿಗೆ ಇದ್ದದ್ದು ಎರಡೇ ಮಾತು, ಎರಡೂ ಬೈಗುಳ.

"ನಿಶ್ಚಿತಾರ್ಥಕ್ಕೆ ಮುಂಚೆ ಏನ್ ಬಾಯಿಗೆ ಬೀಗ ಹಾಕ್ಕಂಡಿದ್ದಾ?" ಎಂದ ಗಟ್ಟಿಯಾಗಿ. "ನನ್ ಮಗಳು ಸೀರೆ ಆರಿಸ್ಕಂಡು ಕೂತವ್ಳೆ. ನನ್ ಮಗಳು ಏನ್ ಮಾಡಿದ್ಲು ನಿಂಗೆ?"

"ಏನೂ ಮಾಡಿಲ್ಲ. ಅದ್ಕೇ ಬಂದೆ."

"ನಿಮ್ಮಪ್ಪಂಗೆ ಗೊತ್ತಾ?"

"ಇಲ್ಲ. ಗೊತ್ತಾದ್ರೆ ಮನೆಯಿಂದ ಆಚೆ ಹಾಕ್ತಾರೆ. ಹೇಳ್ತೀನಿ, ಆದ್ರೆ ಸ್ವಲ್ಪ ಟೈಮ್ ಬೇಕು. ಅಷ್ಟರಲ್ಲಿ ಮಾಘ ಬಂದ್ಬುಡ್ತದೆ." ಹುಡುಗ ಮಡಿಸಿದ ಟಿಕೆಟ್ಟನ್ನು ಜೇಬಿಗೆ ಹಾಕಿದ. "ಬೈರಿ ಮಾವ. ಬೈಸ್ಕಳಕ್ಕೇ ಬಂದೆ. ಬೇರೆ ಯಾರ್ಗೂ ಹೇಳಕ್ಕೆ ಧೈರ್ಯ ಬರ್ಲಿಲ್ಲ."

ಬೈಯಬೇಕೆಂದು ಓಬಳರಾಜು ಬಾಯಿ ತೆರೆದ. ಬೈಗುಳ ಬರಲಿಲ್ಲ. ಡಬ್ಬಿ ಬಿಚ್ಚಿ, ಮುಚ್ಚಳದಲ್ಲಿ ಅರ್ಧ ಚಿತ್ರಾನ್ನ ಹಾಕಿ ಹುಡುಗನ ಮುಂದಿಟ್ಟ. "ಉಣ್ಣು. ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಮುಖ ನೋಡಿದ್ರೆ ಗೊತ್ತಾಯ್ತದೆ," ಎಂದ. ಇಬ್ಬರೂ ಉಂಡರು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದ ಓಬಳರಾಜು ಮೂವರನ್ನೂ ಕೂರಿಸಿ ಇದ್ದದ್ದು ಇದ್ದಂತೆ ಹೇಳಿದ. ಮಂಗಳಾ ಎದ್ದು ನಿಂತಳು.

"ಎಲ್ಲಾ ನಿಮ್ ನಾಟ್ಕದಿಂದ. ಚೆನ್ನಾಗಿದ್ದ ಹುಡುಗನ ತಲೆ ಕೆಡಿಸಿದ್ರಿ."

"ನಾಟ್ಕ ನೋಡಿ ಯಾರಾದ್ರೂ ಅಂಗಾಯ್ತಾರೇನೇ?" ಎಂದಳು ಹೊನ್ನಕ್ಕ. "ಅಂಗಿದ್ರೆ ಇವ್ನ ಗದೆ ನೋಡ್ದೋರೆಲ್ಲ ರಾಜ್ರಾಗ್ಬೇಕಿತ್ತು. ಅವ್ನು ಮೊದ್ಲೇ ಅಂಗಿದ್ದ. ಹೇಳಕ್ಕೆ ಈಗ ಬಾಯಿ ಬಂತು, ಅಷ್ಟೇ."

ಗಂಗಲಕ್ಷ್ಮಿ ಹಿತ್ತಿಲಿಗೆ ಹೋಗಿ ಪಾತ್ರೆ ತೊಳೆಯತೊಡಗಿದಳು. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು. ಮಂಗಳಾ ಬಾಗಿಲಲ್ಲಿ ನಿಂತು ಮಗಳ ಬೆನ್ನನ್ನು ನೋಡಿದಳು. ಆ ಬೆನ್ನು ಅಲುಗುತ್ತಿತ್ತು. ಬಳಿಗೆ ಹೋಗಿ ಕುಕ್ಕರಗಾಲಲ್ಲಿ ಕೂತು, ತೊಳೆದದ್ದನ್ನು ಒರೆಸಿ ಒರೆಸಿ ಇಟ್ಟಳು. ಅವಳ ತಲೆಯಲ್ಲಿ ಪಾಪಕ್ಕನ ಅಕ್ಕ ಇದ್ದಳು.

"ತಾಳಿ ಕಟ್ಟಿಸ್ಕಂಡ ಮೇಲೆ ಗೊತ್ತಾಗಿದ್ರೆ ಏನ್ ಮಾಡ್ತಿದ್ದೆವೇ?" ಎಂದಳು ಮೆಲ್ಲಗೆ.

"ಗೊತ್ತೇ ಆಗ್ತಿರ್ಲಿಲ್ಲ ಅಮ್ಮ. ನನ್ನಲ್ಲೇ ಏನೋ ಸರಿ ಇಲ್ಲ ಅನ್ಕಂಡಿರ್ತಿದ್ದೆ," ಎಂದಳು ಗಂಗಲಕ್ಷ್ಮಿ. ಮುಖ ತೊಳೆದುಕೊಂಡು ಒಳಗೆ ಹೋಗಿ, ನರಸಿಂಹರಾಜುವಿಗೆ ಫೋನ್ ಮಾಡಿ, ಎಲ್ಲರೆದುರಿಗೇ ಮಾತಾಡಿದಳು.

"ನಂಗೆ ಬೇಜಾರಾಗಿಲ್ಲ ಅಂತ ಹೇಳಲ್ಲ. ತುಂಬಾ ಆಗಿದೆ. ನನ್ ಹತ್ರಾನೇ ಮೊದ್ಲು ಹೇಳ್ಬೇಕಿತ್ತು."

ಆ ಕಡೆಯಿಂದ ಏನೋ ಹೇಳಿದ. ಅವಳು ಕೇಳಿದಳು.

"ಸರಿ. ನಿಮ್ ವಿಷ್ಯ ನಮ್ಮನೆಯಿಂದ ಆಚೆ ಹೋಗಲ್ಲ. ಅದು ನೀವೇ ಹೇಳ್ಬೇಕಾದ್ದು. ಊಟ ಮಾಡಿ ಮಲಗಿ," ಎಂದು ಇಟ್ಟಳು.

ಈಗ ಉಳಿದದ್ದು ಸಂಬಂಧ ಬಿಡಿಸಿಕೊಳ್ಳುವ ಬಗೆ. "ನಾನೇ ಬೇಡ ಅಂದೆ ಅಂತ ಹೇಳಿ," ಎಂದಳು ಗಂಗಲಕ್ಷ್ಮಿ. ಮಂಗಳಾ ಒಪ್ಪಲಿಲ್ಲ. "ಹುಡುಗಿ ಬೇಡ ಅಂದ್ಲು ಅಂದ್ರೆ ಊರೋರು ಇವ್ಳ ಹಿಂದೆ ಇನ್ಯಾರೋ ಇದ್ದಾನೆ ಅಂತ ಕಟ್ತಾರೆ. ಹುಡುಗಂದು ಹೇಳಂಗಿಲ್ಲ." ಅಡುಗೆಮನೆಗೂ ನಡುಮನೆಗೂ ಓಡಾಡಿದಳು. ಆಮೇಲೆ ಗಂಡನ ಎದುರು ನಿಂತಳು.

"ಅಂಬ್ರೀನಮ್ಮಂಗೆ ಬರಲ್ಲ ಅಂತ ಹೇಳಿದ್ರಾ?"

"ಇನ್ನೂ ಇಲ್ಲ."

"ಹೇಳ್ಬೇಡಿ. ನಾಟ್ಕ ಬಿಡ್ಬೇಡಿ. ನೀವು ಬಣ್ಣ ಹಚ್ಚಿದ್ರೆ ಸಂಬಂಧ ಮುಗೀತು ಅಂತ ಅವ್ರೇ ಹೇಳೋಗಿಲ್ವಾ? ಮುಗೀಲಿ."

ಓಬಳರಾಜು ಹೆಂಡತಿಯ ಮುಖವನ್ನೇ ನೋಡಿದ. ಹೊನ್ನಕ್ಕ, "ಇಷ್ಟು ದಿನಕ್ಕೆ ಒಂದು ಒಳ್ಳೆ ಮಾತಾಡ್ದೆ ಕಣವ್ವ," ಎಂದು ಎಲೆ ಅಡಿಕೆ ಚೀಲ ಬಿಚ್ಚಿದಳು.

ಗುರುವಾರ ರೇಣುಕಯ್ಯ ಬಂದಾಗ ಮಂಗಳಾ ಎಲೆ ಹಾಕಿ ಊಟಕ್ಕೆ ಕೂರಿಸಿದಳು. ಅವನು ಮುದ್ದೆ ಮುರಿದು ಎರಡು ತುತ್ತು ತಿನ್ನುವವರೆಗೆ ಕಾದಳು.

"ಅಣ್ಣಾ, ನಮ್ ಯಜಮಾನ್ರು ನಾಟ್ಕ ಬಿಡಕ್ಕಿಲ್ಲ. ನಾನೂ ಬಿಡಿ ಅನ್ನಕ್ಕಿಲ್ಲ."

ರೇಣುಕಯ್ಯನ ಕೈ ನಿಂತಿತು. "ಮೊನ್ನೆ ಬಿಡುಸ್ತೀನಿ ಅಂದ್ರಿ?"

"ಮೊನ್ನೆ ಅಂದೆ. ಇವತ್ತು ಇಲ್ಲ ಅಂತೀನಿ. ತಪ್ಪು ನಮ್ದೇ ಅಂತ ಎಲ್ಲಿ ಬೇಕಾದ್ರೂ ಹೇಳ್ಕಳಿ. ನಿಮ್ ಮಗನ ಮೇಲೆ ನಮಗೆ ಒಂದು ಚೂರೂ ಕೋಪ ಇಲ್ಲ. ಒಳ್ಳೆ ಹುಡುಗ. ಚೆನ್ನಾಗಿ ನೋಡ್ಕಳಿ ಅವ್ನ." ಇನ್ನಷ್ಟು ಸಾರು ಬಡಿಸಿದಳು. "ಉಣ್ಣಿ, ಅರ್ಧಕ್ಕೆ ಏಳ್ಬೇಡಿ."

ರೇಣುಕಯ್ಯ ಓಬಳರಾಜುವಿನ ಕಡೆ ನೋಡಿದ. ಓಬಳರಾಜು ಗೋಡೆಗೊರಗಿ ಕೂತು, ಹೆಂಡತಿ ಹೇಳಿದ್ದೇ ಮಾತು ಎಂಬಂತೆ ತಲೆಯಾಡಿಸಿದ. ರೇಣುಕಯ್ಯ ಉಂಡು, ಕೈತೊಳೆದು, "ನಾಟ್ಕದ ಹುಚ್ಚಿಗೆ ಹೆಣ್ಮಗಳ ಬಾಳು ಹಾಳು ಮಾಡ್ತಿದ್ದೀರ," ಎಂದು ಹೇಳಿ ಹೊರಟ. ಅದೇ ಮಾತು ಮೂರು ದಿನದಲ್ಲಿ ಬಸ್ಸಿನೊಳಗೂ ಬಂತು, ರವಿಕೆ ಹೊಲಿಸುವವರ ಬಾಯಲ್ಲೂ ಬಂತು. ಸರ್ವಮಂಗಳಾ ಬೀದಿಯಲ್ಲಿ ತಡೆದು, "ಅಯ್ಯೋ ಪಾಪ, ಹುಡುಗಿಗೆ ಹಿಂಗಾಯ್ತಲ್ಲ," ಎಂದಳು. "ಹುಡುಗಿ ಚೆನ್ನಾಗೇ ಅವ್ಳೆ. ಕ್ಲಿನಿಕ್ಕಲ್ಲಿ ಅವ್ಳೇ ಈಗ ಲ್ಯಾಬು ನೋಡ್ಕಳೋದು. ರಕ್ತ ಚೆಕ್ ಮಾಡಿಸ್ಬೇಕಾದ್ರೆ ಬನ್ನಿ," ಎಂದು ಮಂಗಳಾ ಮುಂದೆ ನಡೆದಳು. ಮನೆಗೆ ಬಂದು ಮದುವೆಗೆಂದು ತೆಗೆದ ಸೀರೆಗಳನ್ನು ಬೀರುವಿನ ಕೆಳಗಿನ ಅರೆಗೆ ಇಡುವಾಗ ಮಾತ್ರ ಸ್ವಲ್ಪ ಹೊತ್ತು ಹಾಗೇ ಕೂತಳು. ಗಂಗಲಕ್ಷ್ಮಿ ಬಂದು ಹಸಿರು ಸೀರೆಯನ್ನು ಹೊರಗೆಳೆದು, "ಇದನ್ನ ಪಾವಗಡಕ್ಕೆ ಉಟ್ಕತೀನಿ," ಎಂದಳು.

ಪಾವಗಡದ ಆಟ ಒಂದು ಸಭಾಂಗಣದಲ್ಲಿ. ಮದುವೆಯಾದ ಹೊಸದರಲ್ಲಿ ಬಿಟ್ಟರೆ ಮಂಗಳಾ ಗಂಡನ ನಾಟಕ ನೋಡಲು ಹೋದವಳಲ್ಲ. ಈ ಸಲ ಅತ್ತೆಯನ್ನೂ ಮಗಳನ್ನೂ ಕರೆದುಕೊಂಡು, ಪುಳಿಯೋಗರೆ ಕಟ್ಟಿಕೊಂಡು ಮುಂಚೆಯೇ ಹೋಗಿ ಕೂತಳು. ಹಳ್ಳಿಹಳ್ಳಿಯಿಂದ ಹೆಂಗಸರು ಬಸ್ಸಿನಲ್ಲಿ ಬಂದಿದ್ದರು. ಪಾಪಕ್ಕ ಬಿಳಿಕೂದಲಿನ ಅಕ್ಕನ ಕೈ ಹಿಡಿದು ಹಿಂದಿನ ಸಾಲಿಗೆ ಕರೆದೊಯ್ದಳು. ಸುತ್ತ ಅರ್ಧ ತೆಲುಗು, ಅರ್ಧ ಕನ್ನಡ.

ದೀಪ ಆರುವ ಹೊತ್ತಿಗೆ ಒಬ್ಬ ಹೆಂಗಸು ಸೆರಗು ತಲೆ ಮೇಲೆ ಎಳೆದುಕೊಂಡು ಬಂದು ಮಂಗಳಾಳ ಪಕ್ಕದ ಖಾಲಿ ಕುರ್ಚಿಯ ಮುಂದೆ ನಿಂತಳು. ರಾಮಾಂಜಿನಮ್ಮ. ಒಬ್ಬಳೇ ಬಂದಿದ್ದಳು.

ಮಂಗಳಾ ಚೀಲವನ್ನು ತೊಡೆಯ ಮೇಲೆ ತೆಗೆದುಕೊಂಡು ಜಾಗ ಮಾಡಿದಳು. ರಾಮಾಂಜಿನಮ್ಮ ಕೂತಳು.

ಬಾವಿ ಕಟ್ಟೆಯ ದೃಶ್ಯಕ್ಕೆ ಇಲ್ಲಿ ಶಿಳ್ಳೆ ಬೀಳಲಿಲ್ಲ. ಓಬಳರಾಜು, ಬೊಮ್ಮಪ್ಪ ಕೈ ಹಿಡಿದು ಕೂತದ್ದನ್ನು ನೋಡುತ್ತಾ ಮಂಗಳಾ, ಗಂಡ ತನ್ನೊಂದಿಗೂ ಹೀಗೆ ಕೂತಿದ್ದು ಯಾವಾಗ ಎಂದು ಯೋಚಿಸಿದಳು. ಹಸೆಮಣೆ ಬಂತು. ಈರಣ್ಣ ಎದ್ದು ನಿಂತು ತನ್ನ ಮಾತು ಹೇಳುವಾಗ ಮುಂದಿನ ಸಾಲಿನ ಮುದುಕಿಯೊಬ್ಬಳು ತಡೆಯಲಾರದೆ, "ಪೋನೀ ನಾಯನಾ, ಹೋಗ್ಲಿ ಮಗಾ, ಬುಟ್ಬುಡು ಆ ಹುಡುಗೀನ, ನೀನೂ ಬದ್ಕು," ಎಂದು ರಂಗಕ್ಕೇ ಹೇಳಿದಳು. ಯಾರೂ ನಗಲಿಲ್ಲ. ಸಭಾಂಗಣದ ತುಂಬ ಚಪ್ಪಾಳೆ ಎದ್ದಿತು. ಹೊನ್ನಕ್ಕ ಕೋಲಿನಿಂದ ನೆಲ ಕುಟ್ಟಿದಳು.

ಅಲ್ಲಿಗೆ ಮೊದಲ ಭಾಗ ಮುಗಿದು ದೀಪ ಹತ್ತಿತು. ಜನ ಟೀಗೆ ಎದ್ದರು. ರಾಮಾಂಜಿನಮ್ಮ ಕದಲಲಿಲ್ಲ. ಮಂಗಳಾ ಪುಳಿಯೋಗರೆಯ ಪೊಟ್ಟಣ ಬಿಚ್ಚಿ ಅವಳ ಕೈಗಿಟ್ಟಳು.

"ಮಗ ಹೇಳ್ದ," ಎಂದಳು ರಾಮಾಂಜಿನಮ್ಮ, ಪೊಟ್ಟಣ ನೋಡುತ್ತಾ. "ಮೊನ್ನೆ, ನಾನು ರೊಟ್ಟಿ ತಟ್ತಿದ್ದಾಗ. ಅವ್ರಪ್ಪಂಗೆ ಇನ್ನೂ ಹೇಳಿಲ್ಲ. ನಾನೇನೂ ಅನ್ಲಿಲ್ಲ ಕಣವ್ವ. ಏನ್ ಅನ್ಬೇಕು ಅಂತಾನೇ ಗೊತ್ತಾಗ್ಲಿಲ್ಲ. ಸಿರಾದಲ್ಲಿ ಇಷ್ಟಕ್ಕೇ ನಮ್ಮನೆಯೋರು ಎಬ್ಬಿಸ್ಕಂಡು ಹೋಗ್ಬುಟ್ರು. ಅದ್ಕೇ ಬಂದೆ."

ಮಂಗಳಾ ನೀರಿನ ಬಾಟಲಿಯ ಮುಚ್ಚಳ ತೆಗೆದು ಅವಳ ಮುಂದೆ ಹಿಡಿದಳು.

"ಮುಂದೇನಾಯ್ತದೆ ಆ ಹುಡುಗಂಗೆ?" ರಾಮಾಂಜಿನಮ್ಮ ಪೊಟ್ಟಣವನ್ನು ಮತ್ತೆ ಮಡಿಸಿದಳು. "ಬಾವಿ ಐತಲ್ಲ, ಅದ್ಕೆ ಬೀಳ್ತಾನಾ? ಮೊದ್ಲೇ ಹೇಳ್ಬುಡು. ಅಂಗಾಗೋದಾದ್ರೆ ಎದ್ದೋಯ್ತೀನಿ, ನೋಡಕ್ಕಾಗಲ್ಲ ನನ್ ಕೈಲಿ."

ತಾರಸಿಯಿಂದ ಕೇಳಿ ಕೇಳಿ ಮಂಗಳಾಗೆ ನಾಟಕವೆಲ್ಲ ಬಾಯಿಗೆ ಬಂದಿತ್ತು. ರಾಮಾಂಜಿನಮ್ಮನ ಕೈ ಮೇಲೆ ತನ್ನ ಕೈ ಇಟ್ಟಳು.

"ಇಲ್ಲ ಕಣಕ್ಕ," ಎಂದಳು. "ಅವ್ನಿಗೆ ವಯಸ್ಸಾಯ್ತದೆ. ಮುದುಕ ಆಯ್ತಾನೆ."